ಎಡಗಡೆ ಬರ್ನರ್‌ನ ಹಳದಿ ಉರಿ: ಮೂರು ಭಾನುವಾರ

ಮೊದಲ ಭಾನುವಾರ

ಪಾತ್ರೆಗಳ ತಳ ಮಸಿ ಹಿಡಿಯಲು ಶುರುವಾಗಿ ಹದಿನೈದು ದಿನ ಆಗಿತ್ತು. ಊರಿಂದ ಬಂದ ಅಮ್ಮ ಅನ್ನದ ಪಾತ್ರೆ ತಿರುಗಿಸಿ ನೋಡಿ, "ಇದೇನೇ, ಮತ್ತೆ ಸೌದೆ ಒಲೆ ಹೂಡಿದ್ದೀಯಾ?" ಅಂದರು. ಸೌದೆ ಒಲೆ ಇದ್ದಾಗ ಅವರು ಪಾತ್ರೆಯ ತಳಕ್ಕೆ ಬೂದಿ ಕಲಸಿ ಬಳಿಯುತ್ತಿದ್ದರು. ತೊಳೆಯುವಾಗ ಬೂದಿಯ ಜೊತೆ ಮಸಿಯೂ ಬಿಟ್ಟು ಹೋಗುತ್ತಿತ್ತು. ಗ್ಯಾಸ್ ಒಲೆಗೂ ಬೂದಿ ಬಳಿಯುವ ಗತಿ ಬಂತಲ್ಲ ಅಂತ ನಾಚಿಕೆಯಾಯಿತು.

ನೋಡಿದರೆ ಎಡಗಡೆ ಬರ್ನರ್‌ನಲ್ಲಿ ನೀಲಿ ಉರಿ ಇಲ್ಲ. ಉದ್ದುದ್ದ ಹಳದಿ ನಾಲಿಗೆ. ಗ್ಯಾಸಿಗೆ ಸಾಕಷ್ಟು ಗಾಳಿ ಬೆರೆಯದಿದ್ದರೆ ಹೀಗಾಗುತ್ತದೆ. ಪೂರ್ತಿ ಉರಿಯದೆ ಉಳಿದ ಇಂಗಾಲವೇ ಮಸಿ. ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಪಾತ್ರೆ ತಿಕ್ಕುವ ಕಷ್ಟ ಹಾಗಿರಲಿ, ಇದಕ್ಕೇ ಹೆದರಬೇಕು.

ರೆಗ್ಯುಲೇಟರ್ ಬಂದ್ ಮಾಡಿ, ಒಲೆ ಆರಿದ ಮೇಲೆ ಹಿತ್ತಾಳೆ ಬರ್ನರ್‌ಗಳನ್ನು ಹುಣಸೆಹುಳಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿದೆ. ಹಳೇ ಟೂತ್‌ಬ್ರಷ್‌ನಿಂದ ಉಜ್ಜಿದೆ. ಮೊದಲೆಲ್ಲ ಅಡುಗೆ ಸೋಡಾ, ವಿನೆಗರ್ ಎರಡನ್ನೂ ಒಟ್ಟಿಗೆ ಸುರಿದು ನೊರೆ ನೋಡಿ ಖುಷಿಪಡುತ್ತಿದ್ದೆ. ಹುಳಿಯೂ ಕ್ಷಾರವೂ ಒಂದನ್ನೊಂದು ತಿಂದುಹಾಕುತ್ತವೆ, ಕೊನೆಗೆ ಉಳಿಯುವುದು ಹೆಚ್ಚುಕಮ್ಮಿ ಉಪ್ಪಿನ ನೀರು. ಅಲ್ಯೂಮಿನಿಯಂ ಭಾಗವನ್ನಂತೂ ಬಿಸಿ ಸೋಡಾ ನೀರಿಗೆ ಹಾಕಲೇಬಾರದು, ಕಪ್ಪಾಗುತ್ತದೆ. ನನ್ನ ಹಳೇ ಇಡ್ಲಿ ತಟ್ಟೆ ಹಾಗೇ ಆಗಿದೆ.

ಬಿಸಿಲಲ್ಲಿ ಒಣಗಿಸಿ ಹಚ್ಚಿದೆ. ಪಳಪಳ ಹೊಳೆಯುವ ಬರ್ನರ್, ಅದೇ ಹಳದಿ ಉರಿ.

ಎರಡನೇ ಭಾನುವಾರ

ಮಧ್ಯೆ ಒಂದು ದಿನ ಸಾರು ಉಕ್ಕಿ ಉರಿ ಕಿತ್ತಳೆ ಬಣ್ಣಕ್ಕೆ ತಿರುಗಿತು. ಅದು ಬೇರೆ ವಿಷಯ, ಉಪ್ಪಿನಲ್ಲಿರುವ ಸೋಡಿಯಂ ಬಣ್ಣ. ಸ್ವಲ್ಪ ಹೊತ್ತಿಗೆ ತಾನೇ ಹೋಯಿತು.

ಪಕ್ಕದ ಮನೆಯ ಆಂಟಿ, "ಜೆಟ್‌ಗೆ ಸೂಜಿ ಚುಚ್ಚು, ಸರಿ ಹೋಗುತ್ತೆ" ಅಂದರು. ನನಗೆ ಧೈರ್ಯ ಬರಲಿಲ್ಲ. ಜೆಟ್ ಅಂದರೆ ಗ್ಯಾಸ್ ಚಿಮ್ಮುವ ಸಣ್ಣ ತೂತಿನ ಭಾಗ. ಅದು ಹಿತ್ತಾಳೆಯದು, ಮೆದು. ಸೂಜಿ ಆಡಿಸಿದರೆ ತೂತು ದೊಡ್ಡದಾಗಿ ಗ್ಯಾಸ್ ಇನ್ನೂ ಜಾಸ್ತಿ ಬರುತ್ತದೆ, ಉರಿ ಇನ್ನೂ ಹಳದಿಯಾಗುತ್ತದೆ.

ಬದಲಿಗೆ ರೆಗ್ಯುಲೇಟರ್ ತೆಗೆದು, ಸಿಲಿಂಡರ್‌ಗೆ ಮುಚ್ಚಳ ಹಾಕಿ, ಟ್ಯೂಬ್ ಬಿಡಿಸಿ, ಒಲೆಯನ್ನೇ ಮಗುಚಿದೆ. ಬರ್ನರ್ ಕೆಳಗೆ ಒಂದು ಕೊಳವೆ ಇರುತ್ತದೆ. ಜೆಟ್‌ನಿಂದ ಚಿಮ್ಮುವ ಗ್ಯಾಸ್ ಅದರ ಬಾಯಿಯ ಹತ್ತಿರ ಗಾಳಿಯನ್ನು ಎಳೆದುಕೊಂಡು ಒಳಗೆ ಹೋಗುತ್ತದೆ. ಆ ಬಾಯಲ್ಲೇ ಜೇಡರ ಬಲೆ! ಅದಕ್ಕೆ ಒಗ್ಗರಣೆ ಎಣ್ಣೆಯ ಜಿಡ್ಡು, ಧೂಳು, ಒಂದು ಸಾಸಿವೆ ಕಾಳು. ನಾನು ಬರ್ನರ್ ತಲೆ ತಿಕ್ಕುತ್ತಾ ಕೂತಿದ್ದೆ, ಕಟ್ಟಿದ್ದು ಮೂಗು. ಮಗುವಿನ ಹಾಲಿನ ಬಾಟಲಿ ತೊಳೆಯುತ್ತಿದ್ದ ಹಳೇ ಬ್ರಷ್ ಸರಿಯಾಗಿ ಒಳಗೆ ಹೋಯಿತು.

ಟ್ಯೂಬ್ ಮತ್ತೆ ಸಿಕ್ಕಿಸಲು ಹೋದಾಗ ಅದರ ಮೇಲೆ ಅಚ್ಚಾದ ವರ್ಷ ಕಂಡಿತು. ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬ್, ಆಯಸ್ಸು 5 ವರ್ಷ. ನಮ್ಮದು ಏಳನೇ ವರ್ಷದಲ್ಲಿತ್ತು. ಅಷ್ಟು ದಿನ ಅದರ ಪಕ್ಕದಲ್ಲೇ ನಿಂತು ದೋಸೆ ಹೊಯ್ದಿದ್ದೀನಿ. ಅವತ್ತು ಅಡುಗೆ ಇಂಡಕ್ಷನ್ ಮೇಲೆ.

ಮೂರನೇ ಭಾನುವಾರ

ಹೊಸ ಟ್ಯೂಬ್ ಬಂತು. ಹಾಕಿದ ಮೇಲೆ ಎರಡೂ ತುದಿಗೆ ಸೋಪಿನ ನೊರೆ ಹಚ್ಚಿ ನೋಡಿದೆ, ಗುಳ್ಳೆ ಏಳಲಿಲ್ಲ. ಕಡ್ಡಿ ಗೀರಿ ನೋಡುವವರೂ ಇದ್ದಾರೆ, ದಯವಿಟ್ಟು ಬೇಡ. ಈ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡುತ್ತದೆ. ಆ ಕೆಟ್ಟ ವಾಸನೆಯೂ ಅದರದ್ದಲ್ಲ, ಸೋರಿದ್ದು ಗೊತ್ತಾಗಲಿ ಅಂತ ಬೆರೆಸಿದ್ದು. ವಾಸನೆ ಬಂದರೆ ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆಗೆದು, ಹೊರಗೆ ಬಂದು ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಫೋನ್ ಮಾಡಬೇಕು. ನಂಬರ್ ಫ್ರಿಜ್ ಮೇಲೆ ಬರೆದು ಅಂಟಿಸಿದ್ದೀನಿ.

ಎಡಗಡೆ ಬರ್ನರ್ ಹಚ್ಚಿದೆ. ಗಿಡ್ಡ ಉರಿ, ನೀಲಿ. ಅಮ್ಮ ಕಾಫಿಗೆ ಹಾಲಿಟ್ಟರು, ತಳ ನೋಡಿದರು, ಏನೂ ಅನ್ನಲಿಲ್ಲ.

ಬಲಗಡೆ ನಾಬ್ ಬಿಗಿಯಾಗಿದೆ, ಸಿಮ್‌ಗೆ ತಿರುಗುತ್ತಿಲ್ಲ. ಅದನ್ನು ಮಾತ್ರ ನಾನು ಬಿಚ್ಚುವುದಿಲ್ಲ. ರಿಪೇರಿಯವರಿಗೆ ಹೇಳಿದ್ದೀನಿ, ಬುಧವಾರ ಬರುತ್ತಾರಂತೆ.