ಹೋಂವರ್ಕ್‌ನ ಕೊನೇ ಕಾಲಂ

ಪಿಎಚ್.ಡಿ. ಮುಗಿಸಿ ಪೋಸ್ಟ್‌ಡಾಕ್ (ಪಿಎಚ್.ಡಿ. ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ) ಹುಡುಕುತ್ತಿದ್ದೆ. ಯುರೋಪಿನ ಒಂದು ಲ್ಯಾಬ್‌ನವರು ಸಂದರ್ಶನಕ್ಕೆ ಮುಂಚೆ ಹೋಂವರ್ಕ್ ಕಳಿಸಿದರು. 24 ಜನರ ರಕ್ತದ ಆರ್‌ಎನ್‌ಎ ಡೇಟಾ, ಅಂದರೆ ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಅನ್ನೋ ಲೆಕ್ಕ. 12 ರೋಗಿಗಳು, 12 ಆರೋಗ್ಯವಂತರು. ಯಾವ ಜೀನ್‌ಗಳಲ್ಲಿ ವ್ಯತ್ಯಾಸ ಇದೆ ಅಂತ ಹೇಳಬೇಕು, ನಾಲ್ಕು ದಿನ ಟೈಮು.

ಪಿಸಿಎ ಪ್ಲಾಟ್ ಹಾಕಿದೆ, ಒಂದೇ ತರದ ಸ್ಯಾಂಪಲ್‌ಗಳು ಹತ್ತಿರ ಹತ್ತಿರ ಕೂರುವ ಚಿತ್ರ ಅದು. ಗೆರೆ ಎಳೆದ ಹಾಗೆ ಎರಡು ಗುಂಪು! ಅಷ್ಟು ಚೆಂದದ ಪ್ಲಾಟ್ ನನ್ನ ಪಿಎಚ್.ಡಿ.ಯ ಐದು ವರ್ಷದಲ್ಲಿ ಒಂದೂ ಬಂದಿರಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು. ನಾನು ಹೀಟ್‌ಮ್ಯಾಪ್‌ಗೆ (ಜೀನ್‌ಗಳ ಲೆಕ್ಕವನ್ನು ಬಣ್ಣದಲ್ಲಿ ತೋರಿಸುವ ಪಟ) ಬಣ್ಣ ಆರಿಸುತ್ತಾ ಕೂತೆ.

ಸಂದರ್ಶನದಲ್ಲಿ ಪ್ರೊಫೆಸರ್ ಕೇಳಿದ್ದು ಒಂದೇ ಪ್ರಶ್ನೆ: "ಇವನ್ನೆಲ್ಲ ಸೀಕ್ವೆನ್ಸ್ ಮಾಡಿದ್ದು ಯಾವತ್ತು?" ಅಂದರೆ ಯಂತ್ರದಲ್ಲಿ ಆರ್‌ಎನ್‌ಎ ಓದಿಸಿದ್ದು ಯಾವತ್ತು ಅಂತ. ಸ್ಯಾಂಪಲ್ ಶೀಟನ್ನು ಅವರ ಎದುರೇ ತೆರೆದೆ. ಕೊನೇ ಕಾಲಂನಲ್ಲಿ ತಾರೀಖು ಇತ್ತು. ರೋಗಿಗಳದ್ದೆಲ್ಲ ಮಾರ್ಚ್, ಉಳಿದವರದ್ದೆಲ್ಲ ಜೂನ್.

ರೀಏಜೆಂಟ್ (ರಾಸಾಯನಿಕ) ಕಿಟ್ ಬದಲಾದರೆ ಸಾಕು, ಸ್ಯಾಂಪಲ್ ತಯಾರಿಸಿದ ಕೈ ಬದಲಾದರೆ ಸಾಕು, ಸಾವಿರಾರು ಜೀನ್‌ಗಳ ಲೆಕ್ಕ ಏರುಪೇರಾಗುತ್ತದೆ. ಇದಕ್ಕೆ ಬ್ಯಾಚ್ ಎಫೆಕ್ಟ್ ಅಂತಾರೆ. ಪ್ರತಿ ಬ್ಯಾಚ್‌ನಲ್ಲೂ, ಅಂದರೆ ಒಟ್ಟಿಗೆ ತಯಾರಾದ ಗುಂಪಿನಲ್ಲೂ, ಎರಡೂ ಕಡೆಯವರು ಇದ್ದಿದ್ದರೆ ಅದನ್ನೂ ಮಾಡೆಲ್‌ಗೆ ಸೇರಿಸಿ ಲೆಕ್ಕ ಹಾಕಬಹುದಿತ್ತು. ಇಲ್ಲಿ ಬ್ಯಾಚೂ ರೋಗವೂ ಪೂರ್ತಿ ಅಂಟಿಕೊಂಡಿದ್ದವು. ಬಿಡಿಸುವ ಸಾಫ್ಟ್‌ವೇರ್ ಇಲ್ಲ. "ಈ ಡೇಟಾದಿಂದ ಹೇಳಕ್ಕಾಗಲ್ಲ" ಅನ್ನೋದೇ ಸರಿಯಾದ ಉತ್ತರ. ನಾನು 18 ಸ್ಲೈಡ್ ಮಾಡಿದ್ದೆ. ಕೆಲಸ ಸಿಗಲಿಲ್ಲ.

ಮುಂದಿನ ಲ್ಯಾಬ್‌ನವರೂ ಡೇಟಾ ಕೊಟ್ಟರು. ಈ ಸಲ ಮೊದಲ ದಿನವೆಲ್ಲ ಬರೀ ಶೀಟ್ ನೋಡಿದೆ. ತಾರೀಖುಗಳು ಸರಿಯಾಗಿ ಬೆರೆತಿದ್ದವು. ಆಮೇಲೆ 'ಎಕ್ಸಿಸ್ಟ್' (XIST) ಅನ್ನೋ ಜೀನ್ ನೋಡಿದೆ. ಹೆಂಗಸರ ಎರಡು ಎಕ್ಸ್ ಕ್ರೋಮೋಸೋಮ್‌ಗಳಲ್ಲಿ ಒಂದನ್ನು ಸುಮ್ಮನಾಗಿಸುವ ಜೀನ್ ಅದು. ಗಂಡಸರ ರಕ್ತದಲ್ಲಿ ಹೆಚ್ಚುಕಡಿಮೆ ಸೊನ್ನೆ ಇರಬೇಕು. 'ಗಂಡು' ಅಂತ ಬರೆದಿದ್ದ ಒಂದು ಸ್ಯಾಂಪಲ್‌ನಲ್ಲಿ ಅದು ತುಂಬಾ ಜಾಸ್ತಿ ಇತ್ತು. ಪಕ್ಕದ 'ಹೆಣ್ಣು' ಸ್ಯಾಂಪಲ್‌ನಲ್ಲಿ ಸೊನ್ನೆ, ಸಾಲದ್ದಕ್ಕೆ ವೈ ಕ್ರೋಮೋಸೋಮಿನ ಜೀನ್‌ಗಳೂ ಕೆಲಸ ಮಾಡುತ್ತಿದ್ದವು. ಎರಡು ಟ್ಯೂಬ್ ಅದಲುಬದಲಾಗಿವೆ ಅಲ್ವಾ? ಆವತ್ತೇ ಮೇಲ್ ಮಾಡಿದೆ. ಅದು ಪರೀಕ್ಷೆಗೆ ಅಂತ ಇಟ್ಟಿದ್ದಲ್ಲ, ಅವರಿಗೂ ಗೊತ್ತಿರಲಿಲ್ಲ! ಸಂದರ್ಶನದಲ್ಲಿ ಅರ್ಧ ಹೊತ್ತು ಅದರದ್ದೇ ಮಾತು.

(ಈ ಫೈಲ್‌ಗಳನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಬೇಡಿ. 'ಸೆಪ್ಟ್2' ಅನ್ನೋ ಜೀನ್ ಸೆಪ್ಟೆಂಬರ್ 2 ಆಗಿಬಿಡುತ್ತದೆ. ಈ ಕಾಟಕ್ಕೇ ಜೀನ್‌ನ ಹೆಸರನ್ನೇ 'ಸೆಪ್ಟಿನ್2' ಅಂತ ಬದಲಿಸಿದರು. ಹಳೇ ಫೈಲ್‌ಗಳಲ್ಲಿ ಇನ್ನೂ ಹಳೇ ಹೆಸರೇ ಇದೆ.)

ಪೋಸ್ಟ್‌ಡಾಕ್ ಎಲ್ಲಿ ಹುಡುಕೋದು ಅಂತ ಜೂನಿಯರ್‌ಗಳು ಕೇಳುತ್ತಾರೆ. ಜಾಹೀರಾತು ಒಂದು ದಾರಿ. ನಮ್ಮದೇ ಫೆಲೋಶಿಪ್ ತರುವುದು ಇನ್ನೊಂದು. ಭಾರತದಲ್ಲಿ ನ್ಯಾಷನಲ್ ಪೋಸ್ಟ್ ಡಾಕ್ಟೊರಲ್ ಫೆಲೋಶಿಪ್ ಇದೆ, ಯುರೋಪಿಗೆ ಮೇರಿ ಕ್ಯೂರಿ ಫೆಲೋಶಿಪ್. ಮೇರಿ ಕ್ಯೂರಿಗೆ ಪಿಎಚ್.ಡಿ. ಆದಮೇಲಿನ ಸಂಶೋಧನಾ ಅನುಭವ 8 ವರ್ಷ ಮೀರಿರಬಾರದು. ಹೋಗುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ಎರಡಕ್ಕೂ ಮೊದಲು ಒಬ್ಬ ಪ್ರೊಫೆಸರ್ ಒಪ್ಪಬೇಕು. "ನನಗೆ ಆರ್, ಪೈಥಾನ್ ಪ್ರೋಗ್ರಾಮಿಂಗ್ ಬರುತ್ತೆ" ಅನ್ನೋ ಮೇಲ್ ಅವರಿಗೆ ದಿನಾ ಬರುತ್ತವೆ. ಅವರೇ ಜಿಯೋದಲ್ಲಿ (GEO, ಜೀನ್ ಡೇಟಾವನ್ನು ಎಲ್ಲರಿಗೂ ತೆರೆದಿಡುವ ಆನ್‌ಲೈನ್ ಸಂಗ್ರಹ) ಹಾಕಿರುವ ಡೇಟಾ ಇಳಿಸಿಕೊಂಡು, ನೋಡಿ, ಒಂದು ಪ್ರಶ್ನೆ ಕೇಳಿ. ನನಗೆ ಉತ್ತರ ಬಂದಿದ್ದು ಅಂಥ ಮೇಲ್‌ಗಳಿಗೇ.

ಈಗ ಹೊಸಬರಿಗೆ ಹೋಂವರ್ಕ್ ತಯಾರಿಸುವುದು ನನ್ನ ಪಾಲಿಗೆ ಬಂದಿದೆ. ತಾರೀಖಿನ ಕಾಲಂ ಕೊನೆಗೇ ಇಟ್ಟಿದ್ದೇನೆ.