ನಕ್ಷತ್ರ ಎಣಿಸಿದ ಮಧ್ಯಾಹ್ನ

ಗ್ರಾಫಿನ ಗೆರೆ ಏರುತ್ತಲೇ ಇತ್ತು, ಜೊತೆಗೆ ನನ್ನ ಹೆಮ್ಮೆಯೂ. ಗ್ರಾಹಕರ ಪ್ರತಿಸ್ಪರ್ಧಿಯ ಅಮೆರಿಕ ಪೇಟೆಂಟುಗಳಲ್ಲಿ ಬ್ಯಾಟರಿ ತಂಪಾಗಿಸುವ ಗುಂಪು ಒಂದು, ಚಾರ್ಜಿಂಗ್ ಕನೆಕ್ಟರಿನ ಗುಂಪು ಇನ್ನೊಂದು. ಎರಡೂ ಉಲ್ಲೇಖಿಸುವ ಹಳೆಯ ಪೇಟೆಂಟುಗಳಲ್ಲಿ ಸಮಾನವಾದವು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದವು. ಸಮಾನ ಉಲ್ಲೇಖಗಳು ಹೆಚ್ಚಿದಷ್ಟೂ ನಂಟು ಹೆಚ್ಚು ಎಂದು 1963ರಲ್ಲಿ ಕೆಸ್ಲರ್ ಎಂಬ ಸಂಶೋಧಕರು ವಿಜ್ಞಾನ ಲೇಖನಗಳಿಗೆ ಹಾಕಿಕೊಟ್ಟ ಕಪ್ಲಿಂಗ್ ಲೆಕ್ಕವೇ ಇದು, ತಪ್ಪಾಗಲು ಸಾಧ್ಯವೇ? ‘ಎರಡು ತಂತ್ರಜ್ಞಾನಗಳು ಒಂದಾಗುತ್ತಿವೆ’ ಎಂದು ದಪ್ಪಕ್ಷರದಲ್ಲಿ ಬರೆದು ಸ್ಲೈಡುಗಳ ಡೆಕ್ ಕಳುಹಿಸಿದೆ.

ಕರೆಯಲ್ಲಿ ಗ್ರಾಹಕರ ವಕೀಲರು ಹತ್ತು ನಿಮಿಷ ತುಟಿ ಬಿಚ್ಚಲಿಲ್ಲ. ಮೆಚ್ಚಿಕೊಂಡಿದ್ದಾರೆ ಎಂದುಕೊಂಡೆ. ಆಮೇಲೆ, “ಯಾವುದಾದರೂ ಒಂದು ಪೇಟೆಂಟ್ ತೆರೆಯುತ್ತೀರಾ?” ಎಂದರು. ತೆರೆದೆ. ಉಲ್ಲೇಖಗಳು ಮೊದಲ ಪುಟ ದಾಟಿ ನಾಲ್ಕನೆಯದಕ್ಕೆ ಹರಿದಿದ್ದವು. “ನಕ್ಷತ್ರ ಗುರುತು ಎಷ್ಟಕ್ಕಿದೆ?” ಎಲ್ಲರಿಗೂ ಕಾಣುವ ಪರದೆಯ ಮೇಲೆ ಬಾಣವನ್ನು ಸಾಲಿನಿಂದ ಸಾಲಿಗೆ ಇಳಿಸುತ್ತಾ ಎಣಿಸಿದೆ. ಏಳು. ಆ ಗುರುತು ಪೇಟೆಂಟ್ ಕಚೇರಿಯ ಪರೀಕ್ಷಕರು ಉಲ್ಲೇಖಿಸಿದ್ದಕ್ಕೆ; ಅವರು ಉಲ್ಲೇಖಿಸಿದ್ದು ಅಷ್ಟೇ. ಉಳಿದ ಇನ್ನೂರು ಚಿಲ್ಲರೆ ಐಡಿಎಸ್‌ನಿಂದ, ಅಂದರೆ ತಮಗೆ ಗೊತ್ತಿರುವ ಹಳೆಯ ದಾಖಲೆಗಳೆಂದು ಅರ್ಜಿದಾರರೇ ಕೊಡುವ ಪಟ್ಟಿಯಿಂದ, ಬಂದವು. ಕನೆಕ್ಟರ್ ಗುಂಪಿನದನ್ನು ತೆರೆದರೆ ಅದೇ ಪಟ್ಟಿ. ಬಟ್ಟೆ ಒಣಗಿಸುವ ಯಂತ್ರದ ಒಂದು ಪೇಟೆಂಟ್ ಕೂಡ ಎರಡರಲ್ಲೂ ಕುಳಿತಿತ್ತು! ಅರ್ಜಿ ಹಾಕಿದ ಕಾನೂನು ಸಂಸ್ಥೆಯೂ ಒಂದೇ. ಮುಚ್ಚಿಟ್ಟರೆಂಬ ಆರೋಪ ಬಾರದಿರಲೆಂದು ಪ್ರತಿ ಕಂಟಿನ್ಯುಯೇಷನ್‌ಗೂ (ಹಳೆಯ ಅರ್ಜಿಯನ್ನು ಮುಂದುವರಿಸುವ ಹೊಸ ಅರ್ಜಿಗೂ) ಇಡೀ ಪಟ್ಟಿಯನ್ನು ಸುರಿದಿದ್ದರು. ನಾನು ಅಳೆದದ್ದು ತಂತ್ರಜ್ಞಾನದ ನಂಟನ್ನಲ್ಲ, ಒಬ್ಬ ಗುಮಾಸ್ತರ ಶ್ರದ್ಧೆಯನ್ನು.

ನನಗಿದು ಹೊಳೆಯಬೇಕಿತ್ತು. ಡಿಎನ್‌ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ವಿಧಾನದ, 1987ರ ಜುಲೈ 28ರಂದು ಒಂದೇ ದಿನ ಹೊರಬಂದ ಆ ಎರಡು ಪೇಟೆಂಟುಗಳನ್ನು ಜನ ವಾಡಿಕೆಯಂತೆ ಜೋಡಿಯಾಗಿಯೇ ಉಲ್ಲೇಖಿಸುವುದನ್ನು ಎಷ್ಟು ಸಲ ನೋಡಿಲ್ಲ! ಆ ಜೋಡಿಗೆ ನಿಜವಾದ ನಂಟಿದೆ, ಆದರೆ ಎಣಿಕೆಯನ್ನು ಬೆಳೆಸುವುದರಲ್ಲಿ ಅಭ್ಯಾಸಬಲದ ಪಾಲೂ ಇದೆ.

ನಾವು ಪೇಟೆಂಟ್ ಮಾಹಿತಿ ತೆಗೆಯುವ ಟೂಲಿನದೂ ಒಂದು ಕಥೆ. ಉಲ್ಲೇಖಿಸಿದವರು ಯಾರು ಎಂಬ ಕಾಲಂ ಅದರಲ್ಲಿದೆ, ಎಕ್ಸ್‌ಪೋರ್ಟ್ ಮಾಡುವಾಗ ಮಾತ್ರ ತಾನಾಗಿ ಬರುವುದಿಲ್ಲ. ಮೂರನೇ ಮೆನುವಿನೊಳಗೆ ಹೋಗಿ ಟಿಕ್ ಹಾಕಬೇಕು. ಶುಕ್ರವಾರದೊಳಗೆ ಡೆಕ್ ಬೇಕೆಂದವರಿಗೆ ಇದನ್ನು ಹೇಳಿದರೆ ನೆಪ ಎನ್ನುತ್ತಾರೆ. ಆದರೆ ಒಂದೇ ಒಂದು ಪೇಟೆಂಟಿನ ಮುಖಪುಟ ನೋಡಲು ಟೂಲ್ ನನಗೆ ಅಡ್ಡ ಬಂದಿರಲಿಲ್ಲ.

ಆ ರಾತ್ರಿ ಪ್ರತಿ ಫ್ಯಾಮಿಲಿಯನ್ನು, ಅಂದರೆ ಒಂದೇ ಆವಿಷ್ಕಾರದಿಂದ ಹುಟ್ಟಿದ ಪೇಟೆಂಟುಗಳ ಗುಂಪನ್ನು, ಒಂದಾಗಿ ಮಡಚಿ, ನಕ್ಷತ್ರವಿರುವವನ್ನಷ್ಟೇ ಉಳಿಸಿ ಮತ್ತೆ ಲೆಕ್ಕ ಹಾಕಿದೆ. ಗೆರೆ ನೆಲಕ್ಕೆ ಅಂಟಿಕೊಂಡು ಮಲಗಿತು. ಹೊಸ ಡೆಕ್ ನೋಡಿದ ಮ್ಯಾನೇಜರ್, “ಮೊದಲಿನ ಗ್ರಾಫ್ ನೋಡಲು ಚೆನ್ನಾಗಿತ್ತಲ್ಲ, ಅನುಬಂಧದಲ್ಲಾದರೂ ಇಡಬಹುದೇ?” ಎಂದು ಕೇಳಿದರು.