ಕಳ್ಳ ಕುಬಸ

ಶೀಗಿ ಹುಣ್ಣಿಮೆಗೆ ನಮ್ಮ ಹೊಲದ ಬನ್ನಿ ಮರದ ಬುಡದಲ್ಲಿ ಐದು ಕಲ್ಲು ಇಡುತ್ತೇವೆ. ತೊಳೆದು, ಸುಣ್ಣ ಬಳಿದು, ಕುಂಕುಮ ಹಚ್ಚಿ ಸಾಲಾಗಿ ನಿಲ್ಲಿಸಿದರೆ ಅವೇ ಪಾಂಡವರು. ಅವರ ಬೆನ್ನ ಹಿಂದೆ ಒಂದು ಗೇಣು ದೂರದಲ್ಲಿ ಆರನೆಯ ಕಲ್ಲೊಂದು ಕೂರುತ್ತದೆ. ಅದಕ್ಕೂ ಸುಣ್ಣ ಉಂಟು, ಎಡೆ ಮಾತ್ರ ಸಣ್ಣದು. ನಮ್ಮ ಮಾವ ಅದನ್ನು ಕಳ್ಳ ಎನ್ನುತ್ತಾರೆ. ಬೆಳೆ ಕದಿಯಲು ಬರುವವನಿಗೂ ಮೊದಲೇ ಒಂದು ತುತ್ತು ಹಾಕಿಬಿಟ್ಟರೆ ಅವನ ಕಾಟ ತಪ್ಪಿತು ಎಂಬುದು ಅವರ ಲೆಕ್ಕ. ಅತ್ತೆ ಒಪ್ಪುವುದಿಲ್ಲ. ಅದು ಕರ್ಣ, ಕುಂತಿ ಹೆತ್ತು ಹೇಳಿಕೊಳ್ಳಲಾರದೆ ಹೊಳೆಗೆ ಬಿಟ್ಟ ಚೊಚ್ಚಲ ಕೂಸು ಎನ್ನುತ್ತಾರೆ. ನಲವತ್ತು ವರ್ಷದ ಸಂಸಾರದಲ್ಲಿ ಇದೊಂದು ಜಗಳ ಬಗೆಹರಿದಿಲ್ಲ. ವರ್ಷಕ್ಕೊಮ್ಮೆ ಬನ್ನಿ ಮರದ ಕೆಳಗೆ ಶುರುವಾಗುತ್ತದೆ, ಬುತ್ತಿ ಬಿಚ್ಚಿದ ಕೂಡಲೇ ನಿಲ್ಲುತ್ತದೆ.

ಮದುವೆಯಾಗಿ ಒಂಬತ್ತು ವರ್ಷ ನಾನು ಈ ಜಗಳವನ್ನು ನಗುತ್ತಲೇ ಕೇಳಿದ್ದೆ. 2024ರ ಶೀಗಿ ಹುಣ್ಣಿಮೆಯಂದು ನಗು ಬರಲಿಲ್ಲ. ಆಗ ನನಗೆ ಐದು ತಿಂಗಳು ನಡೆದಿತ್ತು.

ನಾವಿರುವುದು ಕೊಪ್ಪಳದಲ್ಲಿ, ಹೊಲವಿರುವುದು ಕುಕನೂರಿನ ಕಡೆ, ಎರೆ ಭೂಮಿ. ಶೀಗಿ ಹುಣ್ಣಿಮೆಯ ಹೊತ್ತಿಗೆ ಸಜ್ಜೆ ತೆನೆ ಕಟ್ಟಿರುತ್ತದೆ, ಹತ್ತಿ ಕಾಯಿ ಹಿಡಿದಿರುತ್ತದೆ, ತೊಗರಿ ಎದೆಯೆತ್ತರ ನಿಂತಿರುತ್ತದೆ. ಭೂಮಿತಾಯಿ ಬಸುರಿ. ಬಸುರಿಗೆ ಬಯಕೆ ತೀರಿಸಬೇಕಲ್ಲ, ಅದಕ್ಕೆ ಕಡುಬು, ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಮೊಸರನ್ನ ಎಲ್ಲವನ್ನೂ ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗಿ, ಪೂಜೆಯಾದ ಮೇಲೆ ಹೊಲದ ತುಂಬ ಚರಗ ಚೆಲ್ಲುತ್ತೇವೆ. ಮುಂದೆ ಒಬ್ಬರು ಎರಚುತ್ತಾ ‘ಹುಲ್ಲುಲ್ಲಿಗೋ’ ಎಂದು ಕೂಗುತ್ತಾ ಹೋದರೆ ಹಿಂದೆ ಒಬ್ಬರು ನೀರು ಚಿಮುಕಿಸುತ್ತಾ ನಡೆಯುತ್ತಾರೆ.

ಇದು ಸುಗ್ಗಿಯಲ್ಲ ಎಂಬುದನ್ನು ನಾನು ಬಹಳ ತಡವಾಗಿ ಗಮನಿಸಿದೆ. ರಾಶಿ ಇನ್ನೂ ಕಣಕ್ಕೆ ಬಂದಿಲ್ಲ. ಹುಳ ಬೀಳಬಹುದು, ಹಿಂಗಾರು ಕೈಕೊಡಬಹುದು, ಕೊಯ್ಲಿನ ಹೊತ್ತಿಗೇ ಮಳೆ ಸುರಿದು ತೆನೆಯಲ್ಲೇ ಕಾಳು ಕಪ್ಪಾಗಬಹುದು. ‘ಬೆಳೆ ಹೇಗಿದೆ’ ಎಂದು ಕೇಳಿದರೆ ನಮ್ಮ ಕಡೆಯ ಒಕ್ಕಲಿಗ ‘ಚೆನ್ನಾಗಿದೆ’ ಎಂದು ಬಾಯಿಬಿಟ್ಟು ಹೇಳುವುದೇ ಇಲ್ಲ. ‘ಏನೋ ಇದೆ, ನೋಡೋಣ’ ಎನ್ನುತ್ತಾನೆ. ಅಂಥ ಅನುಮಾನದ ನಡುವೆಯೇ ಹೋಳಿಗೆ ಮಾಡಿ ಉಡಿ ತುಂಬುವ ಹಬ್ಬ ಇದು.

ನನ್ನ ವಿಷಯದಲ್ಲಿ ಮಾತ್ರ ನಾನು ಅದನ್ನು ಒಪ್ಪಿರಲಿಲ್ಲ. ಉಡಿ ತುಂಬುವುದು ಬೇಡ, ಹಸಿರು ಬಳೆ ಬೇಡ, ಯಾರಿಗೂ ಸುದ್ದಿ ಬೇಡ ಎಂದು ಹಟ ಹಿಡಿದಿದ್ದೆ. ಇದಕ್ಕೂ ಮೊದಲು ಎರಡು ಸಲ ಹೋಗಿತ್ತು. ಒಂದು ಎಂಟನೆಯ ವಾರದಲ್ಲಿ, ಇನ್ನೊಂದು ಹನ್ನೊಂದರಲ್ಲಿ. ಮೊದಲ ಸಲ ಊರಿಗೆಲ್ಲ ಸಕ್ಕರೆ ಹಂಚಿದ್ದೆವು. ಆಮೇಲೆ ಆ ಸಕ್ಕರೆ ತಿಂದವರೆಲ್ಲ ಸಮಾಧಾನ ಹೇಳಲು ಬಂದರು. ಆ ಒಂದು ವಾರವನ್ನು ಶತ್ರುವಿಗೂ ಬಯಸುವುದಿಲ್ಲ.

ಅಕ್ಕನ ವಿಷಯ ಇಲ್ಲಿ ಬರಬೇಕು. ಒಡಹುಟ್ಟಿದವಳಲ್ಲ. ಹುಲಿಗಿಯವಳು, ಹುಲಿಗೆಮ್ಮನ ಗುಡಿಯಿಂದ ಅವಳ ಮನೆಗೆ ನಾಲ್ಕು ಹೆಜ್ಜೆ. ಅವಳು ಮುನಿರಾಬಾದಿನಲ್ಲಿ ರೈಲು ಹತ್ತುತ್ತಿದ್ದಳು, ನಾನು ಕೊಪ್ಪಳದಲ್ಲಿ. ಇಬ್ಬರೂ ಇಳಿಯುತ್ತಿದ್ದದ್ದು ಹುಬ್ಬಳ್ಳಿಯಲ್ಲಿ. ಒಂದು ಬೆಳಿಗ್ಗೆ ಎದುರು ಸೀಟಿನಲ್ಲಿ ಕುಳಿತವಳ ತೊಡೆಯ ಮೇಲೆ ನೀಲಿ ಥರ್ಮಾಸ್ ಇತ್ತು, ಅದಕ್ಕೆ ಒದ್ದೆ ಟವೆಲ್ ಸುತ್ತಿತ್ತು. ನನ್ನ ತೊಡೆಯ ಮೇಲೂ ಅಂಥದ್ದೇ. ಚಹಾದ ಥರ್ಮಾಸಿಗೆ ಯಾರೂ ಒದ್ದೆ ಬಟ್ಟೆ ಸುತ್ತುವುದಿಲ್ಲ. ಅಂಡಾಣು ಬೆಳೆಸುವ ಇಂಜೆಕ್ಷನ್ನುಗಳನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿ ಇಡಬೇಕಾದವರು ಸುತ್ತುತ್ತಾರೆ. ಅವಳು ನನ್ನ ಥರ್ಮಾಸ್ ನೋಡಿದಳು, ನಾನು ಅವಳದನ್ನು ನೋಡಿದೆ. ಗದಗ ಬರುವವರೆಗೆ ಇಬ್ಬರೂ ಮಾತಾಡಲಿಲ್ಲ. ಗದಗಿನಲ್ಲಿ ಅವಳು ಮಿರ್ಚಿ ಕೊಂಡು ನನ್ನ ಮುಂದೆ ಹಿಡಿದು ಕೇಳಿದಳು, ‘ನಿನಗೆ ಇದು ಎಷ್ಟನೆಯದು, ತಂಗಿ?’

ಆ ಪ್ರಶ್ನೆಯನ್ನು ಯಾರೂ ಹಾಗೆ ಕೇಳಿರಲಿಲ್ಲ. ‘ಮಕ್ಕಳೆಷ್ಟು’ ಎಂದು ಕೇಳಿದವರು ಲೆಕ್ಕವಿಲ್ಲದಷ್ಟು. ಅದಕ್ಕೆ ಉತ್ತರ ಸೊನ್ನೆ. ನಾನು ಎರಡು ಎಂದೆ. ಅವಳು ತನ್ನದೂ ಎರಡು ಎಂದಳು. ಡಾಕ್ಟರ ಚೀಟಿಯ ಮೂಲೆಯಲ್ಲಿ ಬರೆದಿರುವ ‘ಜಿ2 ಪಿ0’ ಎಂಬುದನ್ನು ಬೆರಳಿಟ್ಟು ತೋರಿಸಿದಳು. ಎರಡು ಸಲ ಬಸುರು, ಹೆರಿಗೆ ಸೊನ್ನೆ. ‘ಈ ಚೀಟಿಗಿರುವ ನೆನಪು ನಮ್ಮ ಮನೆಯವರಿಗಿಲ್ಲ ನೋಡು’ ಎಂದು ಮಿರ್ಚಿ ಕಚ್ಚಿದಳು.

ನಿಜ. ಹಾಗೆ ಹೋದ ಜೀವಕ್ಕೆ ಹೆಸರಿಲ್ಲ, ತಿಥಿಯಿಲ್ಲ, ಸೂತಕವೂ ಇಲ್ಲ. ‘ಬಂಜೆಗೇನು ಗೊತ್ತು ಬೇನೆ’ ಎಂಬ ಗಾದೆ ಮಾಡಿದವರು ಯಾರೋ, ಹನ್ನೊಂದನೆಯ ವಾರದ ಆ ರಾತ್ರಿ ಅವರು ನನ್ನ ಪಕ್ಕದಲ್ಲಿರಬೇಕಿತ್ತು.

ನಾನು ದೊಡ್ಡ ಭಕ್ತೆಯೇನಲ್ಲ. ಹರಕೆಗಳ ಖಾತೆ ಅತ್ತೆಯ ಕೈಯಲ್ಲಿತ್ತು. ಗವಿಮಠಕ್ಕೊಂದು, ಅಂಜನಾದ್ರಿಯ 575 ಮೆಟ್ಟಿಲಿಗೊಂದು, ಹುಲಿಗೆಮ್ಮನಿಗೆ ಹನ್ನೊಂದು ಶುಕ್ರವಾರ. ಬ್ಯಾಂಕಿನ ಸಾಲ ಒಂದು ಕಡೆ, ದೇವರ ಸಾಲ ಇನ್ನೊಂದು ಕಡೆ ಎಂದು ನಮ್ಮ ಯಜಮಾನರು ರೇಗಿಸುತ್ತಿದ್ದರು. ಒಬ್ಬ ಸಂಬಂಧಿಕರು ಮನೆಗೆ ಬಂದು ‘ಔಷಧದಿಂದ ಹುಟ್ಟಿಸಿದ್ದು ದೇವರು ಕೊಟ್ಟಂತೆ ಆದೀತೇ’ ಎಂದಾಗ ಅತ್ತೆ ಕೊಟ್ಟ ಉತ್ತರ ಚೆನ್ನಾಗಿತ್ತು: ‘ಬೀಜ ಅಂಗಡಿಯಿಂದ ತಂದರೂ ಮೊಳೆಸುವವಳು ಭೂಮಿತಾಯಿಯೇ ತಾನೇ?’ ನಮ್ಮ ದೇಶದಲ್ಲಿ ಆ ದಾರಿಯಿಂದ, ಅಂದರೆ ದೇಹದ ಹೊರಗೆ ಭ್ರೂಣ ಮಾಡಿ ಗರ್ಭಕ್ಕೆ ಸೇರಿಸುವ ಐವಿಎಫ್‌ನಿಂದ, ಬಂದ ಮೊದಲ ಕೂಸು 1978ರ ಅಕ್ಟೋಬರ್ 3ರಂದು, ದುರ್ಗಾಪೂಜೆಯ ದಿನಗಳಲ್ಲಿ, ಕೋಲ್ಕತ್ತದಲ್ಲಿ ಹುಟ್ಟಿತು. ಅದಕ್ಕೆ ದುರ್ಗಾ ಎಂದೇ ಹೆಸರಿಟ್ಟು ಕರೆದಿದ್ದರು. ಇದನ್ನು ಅತ್ತೆಗೆ ಹೇಳಿದೆ. ‘ನೋಡು ಮತ್ತೆ’ ಎಂದರು, ತಮಗೆ ಮೊದಲೇ ಗೊತ್ತಿತ್ತು ಎಂಬಂತೆ.

ಇಬ್ಬರಿಗೂ ನಿಂತಿತು. ಅಕ್ಕ ನನಗಿಂತ ಐದು ವಾರ ಮುಂದೆ. ಭ್ರೂಣ ಸೇರಿಸಿದ ಮೇಲೆ ರಕ್ತಪರೀಕ್ಷೆಗೆ ಸುಮಾರು ಎರಡು ವಾರ ಕಾಯಬೇಕು. ಆ ದಿನಗಳಲ್ಲಿ ನಾವು ಫೋನಿನಲ್ಲಿ ‘ಬಸುರು’ ಎಂಬ ಪದವನ್ನೇ ಬಳಸಲಿಲ್ಲ. ‘ಮೊಳಕೆ ಕಾಣಿಸಿತೇ?’ ‘ಎರಡೆಲೆ.’ ಅಷ್ಟೇ. ಪಕ್ಕದಲ್ಲಿ ಕೂತವರು ತರಕಾರಿ ಬೆಳೆಯ ಮಾತು ಎಂದುಕೊಳ್ಳುತ್ತಿದ್ದರು.

ಅಕ್ಕನ ಮೊದಲೆರಡು ಐದನೆಯ ತಿಂಗಳಲ್ಲಿ ಜಾರಿದ್ದರಿಂದ ಈ ಸಲ ಹದಿನಾಲ್ಕನೆಯ ವಾರಕ್ಕೆ ಗರ್ಭಕಂಠಕ್ಕೆ ಹೊಲಿಗೆ ಹಾಕಿದ್ದರು. ಅದಾಗಿ ಒಂದೆರಡು ವಾರಕ್ಕೆ, ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿದರು. ಅಣೆಕಟ್ಟಿನ ಬುಡದಲ್ಲೇ ಮನೆ ಇರುವವಳು ಅಕ್ಕ. ನಡುರಾತ್ರಿ ಫೋನು ಮಾಡಿದವಳ ದನಿಯ ಹಿಂದೆ ಹೊಳೆಯ ಮೊರೆತ ಕೇಳಿಸುತ್ತಿತ್ತು. ‘ತಂಗಿ, ಎದ್ದು ಓಡು ಎಂದರೆ ಹೇಗೆ ಓಡಲಿ? ಹೊಲಿಗೆ ಬಿಚ್ಚಿದರೆ?’ ನಾನು ಬೆಳಗಾಗುವವರೆಗೆ ಫೋನು ಇಡಲಿಲ್ಲ. ಏನು ಮಾತಾಡಿದೆವೋ ನೆನಪಿಲ್ಲ, ಬಹುಶಃ ಉಪ್ಪಿನಕಾಯಿ ಬಗ್ಗೆ. ಒಂದು ವಾರದಲ್ಲಿ, ನೀರು ಧುಮುಕುತ್ತಿರುವಾಗಲೇ, ಆ ಬಾಯಿಗೆ ಕಬ್ಬಿಣದ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಮುಚ್ಚಿದರು. ಆ ದಿನ ಅಕ್ಕನ ದನಿ ಹಗುರಾಗಿತ್ತು: ‘ಡ್ಯಾಮಿಗೂ ಹೊಲಿಗೆ ಹಾಕಿದರು, ನನಗೂ ಹಾಕಿದರು. ನೋಡೋಣ, ಯಾರದ್ದು ಗಟ್ಟಿ.’

ಮತ್ತೆ ಶೀಗಿ ಹುಣ್ಣಿಮೆಗೆ ಬರುತ್ತೇನೆ. ನಮ್ಮ ಕಡೆ ಕಳ್ಳ ಕುಬಸ ಎಂದೊಂದಿದೆ. ಏಳನೆಯ ತಿಂಗಳ ದೊಡ್ಡ ಕುಬಸಕ್ಕೂ ಮುಂಚೆ, ಐದರಲ್ಲಿ, ತವರಿನವರು ಸದ್ದಿಲ್ಲದೆ ಬಂದು ಉಡಿ ತುಂಬಿ ಹೋಗುವುದು. ನನ್ನ ಅವ್ವ ತೀರಿ ಆರು ವರ್ಷ. ಬರುವವರಿಲ್ಲ ಎಂದು ನಿಶ್ಚಿಂತೆಯಿಂದಿದ್ದೆ. ಅಂದು ವಾಲ್ಮೀಕಿ ಜಯಂತಿಯೂ ಹೌದು, ಎರಡೂ ಒಂದೇ ಹುಣ್ಣಿಮೆಗೆ ಬೀಳುತ್ತವೆ. ಕೊಪ್ಪಳದಲ್ಲಿ ಮೆರವಣಿಗೆಯ ತಯಾರಿ ದಾಟಿಕೊಂಡು ಹೊಲಕ್ಕೆ ಬಂದಿದ್ದೆವು. ತುಂಬಿದ ಬಸುರಿಯನ್ನು ಕಾಡಿಗೆ ಬಿಟ್ಟಾಗ ಯಾರ ಮಗಳು, ಯಾಕೆ ಬಂದೆ ಎಂದು ಪಂಚಾಯಿತಿ ಮಾಡದೆ ಆಶ್ರಮದಲ್ಲಿ ಇಟ್ಟುಕೊಂಡವನ ಜಯಂತಿ ಭೂಮಿತಾಯಿಯ ಸೀಮಂತದ ದಿನವೇ ಬರುವುದು ನನಗೆ ಸುಮ್ಮನೆ ಅನ್ನಿಸುವುದಿಲ್ಲ.

ಮಧ್ಯಾಹ್ನ ಬದುವಿನ ಮೇಲೆ ಒಂದು ಬೈಕು ಬಂದು ನಿಂತಿತು. ಅಕ್ಕನ ತಮ್ಮ. ಅವಳಿಗೆ ಪ್ರಯಾಣ ಕೂಡದು, ಅವನನ್ನು ಅಟ್ಟಿದ್ದಳು. ಚೀಲದಲ್ಲಿ ಹಸಿರು ಕುಬಸದ ಬಟ್ಟೆ, ಅಕ್ಕಿ, ಉತ್ತತ್ತಿ, ಅರಿಷಿಣದ ಕೊಂಬು, ಹುಲಿಗೆಮ್ಮನ ಭಂಡಾರದ ಪೊಟ್ಟಣ. ಜೊತೆಗೆ ಆ ನೀಲಿ ಥರ್ಮಾಸ್. ಬೆದರಿದೆ, ಅದನ್ನು ಕಂಡರೆ ಈಗಲೂ ಸೊಂಟ ನೋಯುತ್ತದೆ. ಮುಚ್ಚಳ ತಿರುವಿದೆ. ಬಿಸಿ ಗೋಧಿ ಹುಗ್ಗಿ, ಏಲಕ್ಕಿಯ ಘಮ.

ಅತ್ತೆ ಒಂದು ಮಾತನ್ನೂ ಆಡದೆ ನನ್ನನ್ನು ಬನ್ನಿ ಮರಕ್ಕೆ ಮುಖ ಮಾಡಿ ಕೂರಿಸಿ ಉಡಿ ತುಂಬಿದರು. ಭೂಮಿತಾಯಿಗೆ ತುಂಬಿ ಉಳಿದದ್ದೂ ನನ್ನ ಉಡಿಗೇ ಬಂತು. ಬೇಡ ಎನ್ನಲು ಬಾಯಿ ಬರಲಿಲ್ಲ. ಎದ್ದವಳು ಹುಗ್ಗಿಯನ್ನು ಮೊದಲು ಒಯ್ದದ್ದು ಐದು ಕಲ್ಲುಗಳ ಹಿಂದಕ್ಕೆ. ಆರನೆಯ ಕಲ್ಲಿನ ಮುಂದೆ ನಾಲ್ಕು ಚಮಚ ಬಡಿಸಿದೆ, ನನ್ನ ಎರಡು, ಅಕ್ಕನ ಎರಡು. ಮಾವ ನೋಡಿದರು. ‘ಕಳ್ಳನಿಗೆ ಅಷ್ಟೊಂದು ಏಕೆ’ ಎನ್ನಬಹುದಿತ್ತು. ಎನ್ನಲಿಲ್ಲ.

ಹೊಲಿಗೆಯಿದ್ದರೂ ಅಕ್ಕನಿಗೆ ಮೂವತ್ತೆರಡನೆಯ ವಾರದಲ್ಲೇ ಹೆರಿಗೆಯಾಯಿತು. ಗಂಡು ಕೂಸು, 1,640 ಗ್ರಾಂ, ಗಾಜಿನ ಪೆಟ್ಟಿಗೆಯಲ್ಲಿ. ನಾನು ಅದುವರೆಗೆ ಅತ್ತೆಯ ಹಿಂದೆ ಹಿಂದೆ ಹುಲಿಗಿಗೆ ಹೋದವಳು, ಆ ಶುಕ್ರವಾರ ಒಬ್ಬಳೇ ಬಸ್ಸು ಹತ್ತಿದೆ. ‘ಉಧೋ ಉಧೋ’ ಎಂಬ ಕೂಗಿನ ನಡುವೆ ಸರದಿ ಸಾಗಿ ದೇವಿಯ ಮುಂದೆ ನಿಂತರೆ ಕೇಳಿಕೊಳ್ಳಲು ಏನೂ ತೋಚಲಿಲ್ಲ. ‘ತಾಯಿ, ಇವತ್ತು 1,560’ ಎಂದೆ. ಹುಟ್ಟಿದ ಮೊದಲ ದಿನಗಳಲ್ಲಿ ತೂಕ ಇಳಿಯುವುದು ಸಹಜ ಎಂದು ಡಾಕ್ಟರು ಹೇಳಿದ್ದರು, ಅದನ್ನೂ ಹೇಳಿದೆ. ಮುಂದಿನ ಮಂಗಳವಾರ ಹೋಗಿ 1,610 ಎಂದೆ. ಆಮೇಲೆ 1,700. ಅಕ್ಕ ದಿನಕ್ಕೆ ಎಷ್ಟೋ ತಾಸು ಕೂಸನ್ನು ಬರಿ ಎದೆಗೆ ಅವುಚಿಕೊಂಡು ಕೂರುತ್ತಿದ್ದಳು, ಕಾಂಗರೂ ಆರೈಕೆ ಎನ್ನುತ್ತಾರೆ. ನಾನು ಇಲ್ಲಿ ತೂಕದ ವರದಿ ಒಪ್ಪಿಸುತ್ತಿದ್ದೆ. ಮೂರು ವಾರ ಕಳೆದು ಕೂಸು ಮನೆಗೆ ಬಂತು. ನನಗೆ ಪ್ರಾರ್ಥನೆ ಬರುವುದಾದರೆ ಅದು ಹೀಗೇ, ಗ್ರಾಮಿನಲ್ಲಿ.

ಮಾರ್ಚಿನಲ್ಲಿ ನನಗೆ ಹೆಣ್ಣು. ಅಟ್ಟದ ಮೇಲಿದ್ದ ಕಿನ್ನಾಳದ ಬಣ್ಣದ ತೊಟ್ಟಿಲು ಕೆಳಗಿಳಿಯಿತು. ಖಾಲಿ ತೊಟ್ಟಿಲು ತೂಗಬಾರದು ಎಂದು ಒಂಬತ್ತು ವರ್ಷ ಅದಕ್ಕೆ ಯಾರೂ ಕೈ ತಾಗಿಸಿರಲಿಲ್ಲ, ಧೂಳು ಕೊಡವಲೂ ಇಲ್ಲ.

ಇನ್ನು ಸುಖವೇ ಎಂದುಕೊಂಡಿದ್ದೆ. ಹಾಲು ಇಳಿಯಲಿಲ್ಲ, ನಾಲ್ಕು ದಿನ. ಕೂಸು ಮಲಗಿದರೆ ಉಸಿರಾಡುತ್ತಿದೆಯೇ ಎಂದು ಮೂಗಿನ ಬಳಿ ಬೆರಳು. ಎದ್ದರೆ ಯಾಕೆ ಅಳುತ್ತಿದೆ ಎಂಬ ಗಾಬರಿ. ಒಂದು ದಿನ ಬಾಣಂತಿ ಕೋಣೆಯ ಹೊಗೆಯಲ್ಲಿ ಕೂತು ಕಾರಣವಿಲ್ಲದೆ ಬಿಕ್ಕಿದೆ. ನೋಡಲು ಬಂದ ಹಿರಿಯರೊಬ್ಬರು, ‘ಹರಕೆ ಹೊತ್ತು ಪಡೆದ ಕೂಸು, ಈಗ ಅಳುವುದೇ? ದೇವಿ ಮುನಿದಾಳು’ ಎಂದರು. ಬೇಡಿ ಪಡೆದವಳಿಗೆ ದಣಿಯುವ ಹಕ್ಕೂ ಇಲ್ಲ. ಅಂದಿನಿಂದ ಕದ್ದು ಅಳತೊಡಗಿದೆ.

ರಾತ್ರಿ ಎರಡಕ್ಕೆ ಅಕ್ಕನಿಗೆ ಫೋನು. ಅವಳೂ ಎದ್ದಿರುತ್ತಿದ್ದಳು. ‘ದಿನಕ್ಕೆ ಆರು ಸಲ ಉಚ್ಚೆ ಹೊಯ್ಯುತ್ತಿದೆಯೇ? ಹಾಗಾದರೆ ಹಾಲು ಸಾಲುತ್ತಿದೆ. ಇನ್ನು ಅಳು, ನಾನಿದ್ದೇನೆ.’ ದೇವಿ ಮುನಿಯುವ ಮಾತು ಹೇಳಿದಾಗ ಅವಳು ಸಿಟ್ಟಾದಳು. ‘ನಾನು ಆಕೆಯ ಗುಡಿಯ ಪಕ್ಕದಲ್ಲೇ ಇದ್ದೇನೆ. ಮುನಿದಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲವೇ?’ ಎರಡು ವಾರ ಕಳೆದರೂ ಅಳು ನಿಲ್ಲದಿದ್ದಾಗ ನಮ್ಮ ಯಜಮಾನರಿಗೆ ಅವಳೇ ಫೋನು ಮಾಡಿ, ಇದು ಬಾಣಂತಿಯರಿಗೆ ಬರುವ ಕಾಯಿಲೆ, ನಾಳೆಯೇ ಡಾಕ್ಟರಿಗೆ ತೋರಿಸಿ ಎಂದು ಗದರಿಸಿದಳು. ತೋರಿಸಿದೆವು. ತಿಂಗಳೆರಡು ತಿಂಗಳಲ್ಲಿ ನೆಲ ಕಾಲಿಗೆ ಸಿಕ್ಕಿತು.

ಮರುವರ್ಷದ ಶೀಗಿ ಹುಣ್ಣಿಮೆಗೆ ಅಕ್ಕ ಬಂದಿದ್ದಳು, ಮಗನನ್ನು ಸೊಂಟದಲ್ಲಿಟ್ಟುಕೊಂಡು. ಕಲ್ಲಿಗೆ ಸುಣ್ಣ ಬಳಿಯುವಾಗ ಮಾವ ‘ಕಳ್ಳ’ ಎಂದರು, ಅತ್ತೆ ‘ಕರ್ಣ’ ಎಂದರು. ಅಕ್ಕ ಇಬ್ಬರ ಮುಖವನ್ನೂ ನೋಡಿ ಏನೂ ಹೇಳದೆ ತನ್ನ ಪಾಲಿನ ಕಡುಬನ್ನು ನಾಲ್ಕು ಚೂರು ಮಾಡಿ ಹಿಂದಿನ ಕಲ್ಲಿನ ಮುಂದಿಟ್ಟಳು. ನಾವು ಚರಗದ ಬುಟ್ಟಿ ಎತ್ತಿಕೊಳ್ಳುವಷ್ಟರಲ್ಲಿ ಅವಳ ಮಗ ಅಂಬೆಗಾಲಿಟ್ಟು ಪಾಂಡವರನ್ನೆಲ್ಲ ದಾಟಿ ಅಲ್ಲಿಗೇ ಹೋಗಿದ್ದ. ಒಂದು ಚೂರು ಅವನ ಬಾಯಲ್ಲಿತ್ತು, ಇನ್ನೊಂದು ಅಂಗೈಯಲ್ಲಿ, ಹಸಿ ಸುಣ್ಣದ ಜೊತೆ.

‘ಕಳ್ಳ!’ ಎಂದರು ಮಾವ. ಅತ್ತೆ ಸೆರಗಿನಿಂದ ಅವನ ಕೈ ಒರೆಸುತ್ತಾ ಕೂತರು.